ದಾವಣಗೆರೆಯ ಚರಂಡಿಯ ಕಸ ಸಮುದ್ರ ಸೇರುವುದು ನಿಜವೇ?

ಪ್ರಶ್ನೆ:
ನಮ್ಮ ಬೀದಿಯ ಮೂಲೆಯಲ್ಲಿ ಸಂಜೆ ಮಂಡಕ್ಕಿ ತಿಂದವರು ಎಸೆಯುವ ಪ್ಲಾಸ್ಟಿಕ್ ಕವರುಗಳು ಮೊದಲ ಮಳೆಗೇ ಚರಂಡಿ ಸೇರುತ್ತವೆ. ಇವು ಸಮುದ್ರಕ್ಕೆ ಹೋಗುತ್ತವೆಂದು ಮಗಳ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಕಡಲು ಇಷ್ಟು ದೂರವಿರುವಾಗ ಅದು ಹೇಗೆ ಸಾಧ್ಯ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಸಾಧ್ಯವಿದೆ, ಮೇಡಂ. ನಮ್ಮ ಜಿಲ್ಲೆ ತುಂಗಭದ್ರೆಯ ಜಲಾನಯನ ಪ್ರದೇಶದಲ್ಲಿದೆ. ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಸೇರುವ ನೀರು ಹೊಸಪೇಟೆಯ ಜಲಾಶಯವನ್ನು ದಾಟಿ, ಆಂಧ್ರದ ಸಂಗಮೇಶ್ವರದ ಬಳಿ ಕೃಷ್ಣೆಯನ್ನು ಕೂಡಿ, ಶ್ರೀಶೈಲ ಮತ್ತು ನಾಗಾರ್ಜುನ ಸಾಗರಗಳನ್ನು ಹಾದು ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಚಿತ್ರದುರ್ಗದವರ ವೇದಾವತಿಯೂ ತುಂಗಭದ್ರೆಯನ್ನೇ ಸೇರುತ್ತದೆ.

ಉತ್ತರ 2:
ಮೇಲಿನ ಮಾತಿಗೆ ಒಂದು ತಿದ್ದುಪಡಿ ಅಗತ್ಯ. ಎಸೆದದ್ದೆಲ್ಲವೂ ಕಡಲು ಮುಟ್ಟುವುದಿಲ್ಲ. ಬಹಳಷ್ಟು ಮುಳ್ಳುಕಂಟಿಗಳಿಗೆ ಸಿಕ್ಕಿಕೊಳ್ಳುತ್ತದೆ, ಅಣೆಕಟ್ಟುಗಳ ಹಿಂದೆ ಹೂಳಿನಲ್ಲಿ ಹೂತುಹೋಗುತ್ತದೆ. ಆದರೆ ಅದರಿಂದ ಸಮಾಧಾನಪಡುವಂತಿಲ್ಲ. ಪ್ಲಾಸ್ಟಿಕ್ ಕೊಳೆಯದೆ, ಬಿಸಿಲಿಗೆ ಪೆಡಸಾಗಿ 5 ಮಿಲಿಮೀಟರಿಗಿಂತ ಚಿಕ್ಕ ಚೂರುಗಳಾಗಿ ಒಡೆಯುತ್ತದೆ; ಆ ಚೂರುಗಳು ನೀರಿನೊಂದಿಗೆ ತೂಬುಗಳನ್ನು ದಾಟಬಲ್ಲವು, ಮೀನಿನ ಹೊಟ್ಟೆಯನ್ನೂ ಸೇರುತ್ತವೆ. ನದಿಯಲ್ಲೇ ಉಳಿದರೂ ಅದು ನಾವು ಕುಡಿಯುವ ನೀರೇ ಅಲ್ಲವೇ?

ಉತ್ತರ 3:
ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ಮೋರಿ ಕಟ್ಟಿಕೊಂಡಾಗ ಹೂಳು ಎತ್ತುವವರ ಜೊತೆ ನಿಂತಿದ್ದೆ. ಕವರುಗಳಿಗಿಂತ ಹೆಚ್ಚಾಗಿ ಕಂಡದ್ದು ಹಾಲಿನ ಪ್ಯಾಕೆಟಿನಿಂದ ಕತ್ತರಿಸಿ ಬಿಸಾಡಿದ, ಉಗುರಿನಷ್ಟು ಚಿಕ್ಕ ಮೂಲೆಗಳು. ಪೊರಕೆಗೆ ಸಿಗದ ಅವು ನೀರಿಗೆ ಸಲೀಸಾಗಿ ಸಿಗುತ್ತವೆ. ಅಂದಿನಿಂದ ನಮ್ಮ ಮನೆಯಲ್ಲಿ ಮೂಲೆಯನ್ನು ಪೂರ್ತಿ ಕತ್ತರಿಸದೆ, ಪ್ಯಾಕೆಟಿಗೇ ಅಂಟಿಕೊಂಡಿರುವಂತೆ ಸೀಳುತ್ತೇವೆ.