12 ಕಿ.ಮೀ. ದೂರದ ವೈರ್‌ಲೆಸ್ ಲಿಂಕ್: ಯಾವ ಆಂಟೆನಾ, ಗುರಿ ಹಿಡಿಯೋದು ಹೇಗೆ?

ಕೇಳಿದವರು:
ನಮ್ಮ ಎರಡು ಕಟ್ಟಡಗಳ ಮಧ್ಯೆ 12 ಕಿ.ಮೀ. ದೂರ ಇದೆ. ಒಂದು ಕಡೆ ಇಂಟರ್ನೆಟ್ ಚೆನ್ನಾಗಿದೆ, ಇನ್ನೊಂದು ಕಡೆ ಏನೂ ಇಲ್ಲ. 5.8 ಗಿಗಾಹರ್ಟ್ಸ್‌ನಲ್ಲಿ ಲಿಂಕ್ ಹಾಕೋಣ ಅಂತಿದ್ದೇವೆ. ಒಬ್ಬರು 30 ಸೆಂ.ಮೀ. ಡಿಶ್ ಸಾಕು ಅಂತಾರೆ, ಇನ್ನೊಬ್ಬರು 60 ಬೇಕೇ ಬೇಕು ಅಂತಾರೆ, ಮೂರನೆಯವರು ಬೂಸ್ಟರ್ ಹಾಕಿಬಿಡಿ ಅಂತಾರೆ. ನಡುವೆ ಒಂದು ಮರಗಳ ಸಾಲಿದೆ, ಆದರೂ ಬೈನಾಕ್ಯುಲರ್‌ನಲ್ಲಿ ಆ ಕಡೆಯ ಕಟ್ಟಡ ಕಾಣುತ್ತದೆ. ಇಂಥದ್ದು ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ.

ಮೊದಲ ಉತ್ತರ:
ಏನನ್ನೂ ಕೊಳ್ಳುವ ಮೊದಲು ಕಾಗದ ಪೆನ್ನು ತಗೊಂಡು ಲೆಕ್ಕ ಹಾಕಿ. ಈ ಲೆಕ್ಕ ಇಲ್ಲದೆ ಮೇಲೆ ಹತ್ತಿದರೆ, ಅಲ್ಲಿ ಕಾಣುವ ಸಿಗ್ನಲ್ ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳೋಕೆ ನಿಮ್ಮ ಹತ್ತಿರ ಆಧಾರವೇ ಇರಲ್ಲ.

5.8 ಗಿಗಾಹರ್ಟ್ಸ್‌ನಲ್ಲಿ 12 ಕಿ.ಮೀ. ದಾಟುವಷ್ಟರಲ್ಲಿ ಸಿಗ್ನಲ್‌ನಲ್ಲಿ ಸುಮಾರು 129 ಡಿಬಿ (ಡೆಸಿಬೆಲ್, ಸಿಗ್ನಲ್ ಎಷ್ಟು ಏರಿತು, ಇಳಿಯಿತು ಅನ್ನೋದರ ಅಳತೆ) ಕಳೆದುಹೋಗುತ್ತದೆ. ರೇಡಿಯೊದ ಪವರ್‌ಗೆ ಎರಡೂ ತುದಿಯ ಆಂಟೆನಾ ಗೇನ್ (ಸಿಗ್ನಲ್ಲನ್ನು ಒಂದೇ ದಿಕ್ಕಿಗೆ ಒಟ್ಟುಗೂಡಿಸಿದ್ದರಿಂದ ಸಿಗುವ ಲಾಭ) ಕೂಡಿಸಿ, ಅದರಿಂದ 129 ಕಳೆಯಿರಿ. ಉಳಿಯುವುದೇ ಆ ಕಡೆ ಸಿಗಬೇಕಾದ ಸಿಗ್ನಲ್. 60 ಸೆಂ.ಮೀ. ಡಿಶ್‌ಗೆ ಸುಮಾರು 29 ಡಿಬಿಐ ಗೇನ್, 30 ಸೆಂ.ಮೀ. ಡಿಶ್‌ಗೆ 23. ಅಗಲ ಎರಡು ಪಟ್ಟಾದರೆ ಗೇನ್ 6 ಡಿಬಿ ಜಾಸ್ತಿ.

ಹಾಗಾದರೆ ಸಣ್ಣ ಡಿಶ್ ಹಾಕಿ ಪವರ್ ಏರಿಸಿದರೆ ಆಯ್ತಲ್ವಾ ಅಂತ ಕೇಳಬಹುದು. ಅಲ್ಲೇ ಕಾನೂನು ಬರುತ್ತದೆ. ಆಂಟೆನಾ ಗೇನ್ ಸೇರಿಸಿ ಹೊರಗೆ ಹೋಗುವ ಒಟ್ಟು ಶಕ್ತಿಗೆ ಬಹಳ ಕಡೆ ಮಿತಿ ಇದೆ. ನಿಮ್ಮಲ್ಲಿ ಎಷ್ಟು ಅಂತ ಮೊದಲು ನೋಡಿಕೊಳ್ಳಿ. ಮಿತಿ 36 ಡಿಬಿಎಂ (ರೇಡಿಯೊ ಶಕ್ತಿಯ ಅಳತೆ) ಅಂತಿಟ್ಟುಕೊಳ್ಳೋಣ. ಆಗ ಯಾವ ಡಿಶ್ ಹಾಕಿದರೂ ಹೊರಗೆ ಹೋಗೋದು 36 ಮಾತ್ರ. ಆದರೆ ಕೇಳಿಸಿಕೊಳ್ಳುವ ಕಡೆ ಮಿತಿ ಇಲ್ಲ! 30 ಸೆಂ.ಮೀ. ಡಿಶ್‌ನಲ್ಲಿ 36 + 23 − 129, ಅಂದರೆ −70. 60ರಲ್ಲಿ −64. ಸೊನ್ನೆಗೆ ಹತ್ತಿರ ಇದ್ದಷ್ಟೂ ಸಿಗ್ನಲ್ ಜೋರು. ಅದರ ಜೊತೆಗೆ ದೊಡ್ಡ ಡಿಶ್‌ನ ಬೀಮ್ (ಅಲೆ ಹೋಗುವ ಕಿರಣ) ಸುಮಾರು 6 ಡಿಗ್ರಿ ಅಗಲ, ಸಣ್ಣದರದ್ದು 12. ಬೀಮ್ ಕಿರಿದಾದಷ್ಟೂ ಅಕ್ಕಪಕ್ಕದವರ ಗಲಾಟೆ ಕಮ್ಮಿ ಕೇಳುತ್ತದೆ. ಬೂಸ್ಟರ್ ಬಂದ ಸಿಗ್ನಲ್ಲನ್ನೂ ಗಲಾಟೆಯನ್ನೂ ಒಟ್ಟಿಗೇ ಏರಿಸುತ್ತದೆ. ಆ ದುಡ್ಡನ್ನು ಡಿಶ್‌ಗೆ ಹಾಕಿ. ನನ್ನ ವೋಟು 60ಕ್ಕೆ.

ಇನ್ನು ಮರಗಳು. ಕಣ್ಣಿಗೆ ಕಂಡರೆ ಸಾಲದು. ರೇಡಿಯೊ ಅಲೆಗೆ ನೇರ ಗೆರೆಯ ಸುತ್ತಲೂ ಖಾಲಿ ಜಾಗ ಬೇಕು. ಫ್ರೆನೆಲ್ ಝೋನ್ ಅನ್ನೋದು ಅದನ್ನೇ. ನಿಮ್ಮ ಲಿಂಕ್‌ನ ನಟ್ಟನಡುವೆ ಅದರ ತ್ರಿಜ್ಯ ಸುಮಾರು 12.5 ಮೀಟರ್. ಕಡೇಪಕ್ಷ ಅದರ ಶೇ. 60 ಭಾಗ, ಅಂದರೆ ಏಳೂವರೆ ಮೀಟರ್ ಖಾಲಿ ಇರಬೇಕು. ಈ ದೂರದಲ್ಲಿ ಭೂಮಿಯ ಉಬ್ಬೂ ನಡುವೆ 2 ಮೀಟರ್ ತಿನ್ನುತ್ತದೆ. ಮರಗಳ ಸಾಲು ಮಧ್ಯದಲ್ಲಿದ್ದರೆ, ನಕ್ಷೆ ನೋಡಿ ಎತ್ತರ ಲೆಕ್ಕ ಹಾಕುವಾಗ ಗೆರೆ ಮರದ ತುದಿಗಿಂತ ಹೆಚ್ಚುಕಮ್ಮಿ 10 ಮೀಟರ್ ಮೇಲೆ ಬರುವ ಹಾಗೆ ಕಂಬ ಇಡಿ. ಸಾಲು ಒಂದು ತುದಿಯ ಹತ್ತಿರ ಇದ್ದರೆ ಇಷ್ಟು ಬೇಡ. ಮರ ಬೆಳೆಯುತ್ತದೆ ಅನ್ನೋದೂ ಲೆಕ್ಕದಲ್ಲಿರಲಿ.

ಎರಡನೇ ಉತ್ತರ:
ಮೇಲಿನವರು ಹೇಳಿದ್ದು ಸರಿ. ಬೂಸ್ಟರ್ ಮಾತಿಗೆ ಒಂದು ಉದಾಹರಣೆ ಸೇರಿಸುತ್ತೇನೆ. ವೆನೆಜುವೆಲಾದಲ್ಲಿ ಎರ್ಮಾನೊ ಪಿಯೆತ್ರೊಸೆಮೊಲಿ ಮತ್ತು ಜೊತೆಗಾರರು 2007ರಲ್ಲಿ 382 ಕಿ.ಮೀ. ವೈಫೈ ಲಿಂಕ್ ಮಾಡಿ ತೋರಿಸಿದರು. ಎರಡೂ ತುದಿ ಎತ್ತರದ ಬೆಟ್ಟ, ಆಂಟೆನಾ ದೊಡ್ಡದು, ನಡುವೆ ಅಡ್ಡ ಏನೂ ಇಲ್ಲ. ದೂರ ಹೋಗೋಕೆ ಬೇಕಾದ್ದು ಇವೇ.

ಕೊಳ್ಳುವಾಗ ಇನ್ನೆರಡು ವಿಷಯ ನೋಡಿ. ಗ್ರಿಡ್ ಆಂಟೆನಾ (ಜಾಲರಿಯಂಥ ಡಿಶ್) ಗಾಳಿಗೆ ಒಳ್ಳೆಯದು, ಆದರೆ ಸಾಮಾನ್ಯವಾಗಿ ಅದರಲ್ಲಿ ಒಂದೇ ಪೋಲರೈಸೇಶನ್ (ಅಲೆ ಕಂಪಿಸುವ ದಿಕ್ಕು, ಅಡ್ಡ ಅಥವಾ ನೇರ). ಈಗಿನ ರೇಡಿಯೊಗಳಿಗೆ ಎರಡು ಬೇಕು, ಇಲ್ಲದಿದ್ದರೆ ಅರ್ಧ ವೇಗ ಅಲ್ಲೇ ಹೋಯ್ತು. ಮತ್ತೆ, ರೇಡಿಯೊ ಕೆಳಗಿಟ್ಟು ಡಿಶ್‌ವರೆಗೆ ಉದ್ದ ಕೋಆಕ್ಸ್ (ಆಂಟೆನಾ ಕೇಬಲ್) ಎಳೆಯಬೇಡಿ. ಬೆರಳು ದಪ್ಪದ ಒಳ್ಳೆ ಕೇಬಲ್ ಕೂಡ 5.8ರಲ್ಲಿ 10 ಮೀಟರ್‌ಗೆ ಮೂರೂವರೆ ಡಿಬಿ ನುಂಗುತ್ತದೆ. ರೇಡಿಯೊವನ್ನು ಡಿಶ್ ಹಿಂದೆಯೇ ಕಟ್ಟಿ, ಕೆಳಕ್ಕೆ ಈಥರ್ನೆಟ್ ತನ್ನಿ. ಕಂಬ ಅಲುಗಾಡದ ಹಾಗಿರಲಿ, ಅರ್ಥಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್ ಮರೆಯಬೇಡಿ.

ಗುರಿ ಹಿಡಿಯುವಾಗ ಮೊಬೈಲ್ ದಿಕ್ಸೂಚಿ ನಂಬಬೇಡಿ. ಕಬ್ಬಿಣದ ಕಂಬದ ಪಕ್ಕ ಅದು ಎತ್ತೆತ್ತಲೋ ತೋರಿಸುತ್ತದೆ. ನಕ್ಷೆಯಲ್ಲಿ ಎರಡೂ ತುದಿಗೆ ಗೆರೆ ಎಳೆದು, ಆ ಗೆರೆಯ ಮೇಲೆ ಹತ್ತಿರದಲ್ಲೇ ಕಾಣುವ ನೀರಿನ ಟ್ಯಾಂಕೋ ಗೋಪುರವೋ ಇದ್ದರೆ ಅದಕ್ಕೆ ಡಿಶ್ ತಿರುಗಿಸಿ ಶುರುಮಾಡಿ. ಒಂದು ಕಡೆಯವರು ಅಲುಗಿಸುವಾಗ ಇನ್ನೊಂದು ಕಡೆಯವರು ಕೈಕಟ್ಟಿ ನಿಲ್ಲಬೇಕು. ಮೊದಲು ಎಡ-ಬಲ, ಆಮೇಲೆ ಮೇಲೆ-ಕೆಳಗೆ. ಸಿಗ್ನಲ್ ಜಾಸ್ತಿ ಆದ ಕಡೆ ತಟ್ಟನೆ ನಿಲ್ಲಿಸಬೇಡಿ. ದಾಟಿ ಹೋಗಿ, 3 ಡಿಬಿ ಇಳಿಯೋ ತನಕ. ಕಂಬದ ಮೇಲೆ ಮಾರ್ಕರ್‌ನಲ್ಲಿ ಗೆರೆ ಹಾಕಿ. ಇನ್ನೊಂದು ಬದಿಗೂ ಹಾಗೇ ಮಾಡಿ. ಎರಡು ಗೆರೆಗಳ ನಡುವೆ ಡಿಶ್ ನಿಲ್ಲಿಸಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. 60 ಸೆಂ.ಮೀ. ಡಿಶ್‌ಗಳನ್ನೇ ತಂದು ಕಟ್ಟಿದೆವು. ನಮ್ಮಲ್ಲೂ ಮಿತಿ 36, ಹಾಗಾಗಿ ರೇಡಿಯೊದ ಪವರ್ 7ಕ್ಕೆ ಇಳಿಸಿದೆವು (7 + 29 = 36). ಲೆಕ್ಕದ ಪ್ರಕಾರ −64 ಬರಬೇಕು. ಬಂದಿದ್ದು −84. ಆ ಕಡೆ, ಈ ಕಡೆ ಸ್ವಲ್ಪ ತಿರುಗಿಸಿದರೂ ಇಳಿಯುತ್ತದೆಯೇ ಹೊರತು ಏರಲ್ಲ. ಗುರಿ ಸರಿಯಾಗಿಯೇ ಇದೆ ಅಂತ ಕಾಣುತ್ತೆ. ಮರಗಳ ಕಾಟವೇ ಇರಬಹುದಾ? ಸಾಲು ಇರೋದು ಆ ತುದಿಯ ಹತ್ತಿರ, ಗೆರೆ ಅದರ ಮೇಲೆ ಆರಾಮಾಗಿ ಹೋಗುತ್ತದೆ.

ಮೊದಲ ಉತ್ತರ ಕೊಟ್ಟವರು:
ಮರ ಅಲ್ಲ ಸರ್, ನೀವು ಸೈಡ್‌ಲೋಬ್ ಮೇಲೆ ಕೂತಿದ್ದೀರಿ. ಸರಿಸುಮಾರು 20 ಡಿಬಿ ಕಮ್ಮಿ ಅಂದರೆ ಮೊದಲು ಅದನ್ನೇ ಅನುಮಾನಿಸಬೇಕು.

ಡಿಶ್‌ನ ಮುಖ್ಯ ಬೀಮ್ ಪಕ್ಕದಲ್ಲಿ ಸಣ್ಣ ಸಣ್ಣ ಬೀಮ್‌ಗಳಿರುತ್ತವೆ. ನಿಮ್ಮ ಡಿಶ್‌ನಲ್ಲಿ ಮೊದಲನೆಯದು ಮುಖ್ಯ ಬೀಮ್‌ನಿಂದ ಸುಮಾರು 8–9 ಡಿಗ್ರಿ ಪಕ್ಕಕ್ಕೆ ಬರುತ್ತದೆ, ಶಕ್ತಿ ಹೆಚ್ಚುಕಮ್ಮಿ 20 ಡಿಬಿ ಕಮ್ಮಿ. ಎರಡರ ನಡುವೆ ಸಿಗ್ನಲ್ ಬಹುತೇಕ ಸತ್ತೇ ಹೋಗುವ ಒಂದು ಗುಂಡಿ. ನೀವು ಮಾಡಿದ ಹಾಗೆ ಸ್ವಲ್ಪ ಸ್ವಲ್ಪ ತಿರುಗಿಸಿದರೆ ಎರಡೂ ಕಡೆ ಇಳಿಯುತ್ತದೆ, ಇದೇ ತುದಿ ಅನ್ನಿಸುತ್ತದೆ. ಗುಂಡಿ ದಾಟಲೇಬೇಕು. ಲಿಂಕ್ ಕಡಿದರೂ ಪರವಾಗಿಲ್ಲ. ಎಡಕ್ಕೆ 15 ಡಿಗ್ರಿ, ಬಲಕ್ಕೆ 15 ಡಿಗ್ರಿ ನಿಧಾನವಾಗಿ ತಿರುಗಿಸಿ. ತಿರುಗಿಸಿದ ಮೇಲೆ ರೇಡಿಯೊ ಓದಿ ಹೇಳೋಕೆ ಒಂದೆರಡು ಸೆಕೆಂಡ್ ಬೇಕು, ಆತುರ ಬೇಡ. ಎಡ-ಬಲದಲ್ಲಿ ಸಿಗದಿದ್ದರೆ ಮೇಲೆ-ಕೆಳಗೂ ಹೀಗೇ ಹುಡುಕಿ. ಎರಡೂ ತುದಿಯಲ್ಲಿ ಮಾಡಬೇಕು, ಯಾವ ಡಿಶ್ ತಪ್ಪಿದೆ ಅಂತ ಇಲ್ಲಿಂದ ಗೊತ್ತಾಗಲ್ಲ.

ಕೇಳಿದವರು:
ಸಿಕ್ತು! ಆ ತುದಿಯ ಡಿಶ್ ಬಲಕ್ಕೆ ಹೋಗಿತ್ತು. ತಿರುಗಿಸುತ್ತಾ ಹೋದಂತೆ ಲಿಂಕ್ ಪೂರ್ತಿ ಕಡಿಯಿತು, ಆಮೇಲೆ −78, −70, ಕೊನೆಗೆ −65ಕ್ಕೆ ಬಂದು ನಿಂತಿತು. ಬೋಲ್ಟ್ ಬಿಗಿ ಮಾಡುವಾಗ −69 ಆಯ್ತು. ಇನ್ನೊಂದು ವಿಷಯ, ಸಿಗ್ನಲ್ ಇಷ್ಟು ಚೆನ್ನಾಗಿದ್ದರೂ ವೇಗ ಮಾತ್ರ ಕುಂಟುತ್ತಿದೆ.

ಎರಡನೇ ಉತ್ತರ ಕೊಟ್ಟವರು:
ಬೋಲ್ಟ್‌ಗಳನ್ನು ಒಂದಾದ ಮೇಲೆ ಒಂದರಂತೆ ಪೂರ್ತಿ ಬಿಗಿ ಮಾಡಿದರೆ ಡಿಶ್ ಒಂದು ಕಡೆ ಎಳೆಯುತ್ತದೆ. ಆ ಕಡೆ ಕಾಲು ಸುತ್ತು, ಈ ಕಡೆ ಕಾಲು ಸುತ್ತು, ಕಣ್ಣು ಮೀಟರ್ ಮೇಲೆ.

ವೇಗಕ್ಕೆ ರೇಡಿಯೊದಲ್ಲಿ ದೂರದ ಸೆಟ್ಟಿಂಗ್ ನೋಡಿ. ಅಲೆ 12 ಕಿ.ಮೀ. ಹೋಗಿ ಬರೋಕೆ 80 ಮೈಕ್ರೊಸೆಕೆಂಡ್ ಬೇಕು. ಸೆಟ್ಟಿಂಗ್ ಕಮ್ಮಿ ಇದ್ದರೆ, ಉತ್ತರ ಬರುವ ಮೊದಲೇ ಕಾದು ಸಾಕಾಗಿ ರೇಡಿಯೊ ಅದೇ ಪ್ಯಾಕೆಟ್ ಮತ್ತೆ ಕಳಿಸುತ್ತದೆ. 13 ಅಂತ ಹಾಕಿ. ಆಮೇಲೂ ಕುಂಟಿದರೆ ಎರಡು ಚೈನ್‌ಗಳ (ಒಂದೊಂದು ಪೋಲರೈಸೇಶನ್‌ಗೆ ಒಂದೊಂದು ದಾರಿ) ಸಿಗ್ನಲ್ ಹೋಲಿಸಿ. 3 ಡಿಬಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕನೆಕ್ಟರ್ ಬಿಚ್ಚಿ ನೋಡಬೇಕು. ಅದೂ ಸರಿಯಿದ್ದರೆ ಎರಡೂ ತುದಿಯಲ್ಲಿ ಸ್ಕ್ಯಾನ್ ಮಾಡಿ ಖಾಲಿ ಚಾನೆಲ್ ಹುಡುಕಿ, ಚಾನೆಲ್ ಅಗಲ 40 ಮೆಗಾಹರ್ಟ್ಸ್ ಇದ್ದರೆ 20ಕ್ಕೆ ಇಳಿಸಿ. ಅಗಲ ಅರ್ಧ ಆದರೆ ಒಳಗೆ ಬರುವ ಗಲಾಟೆಯೂ 3 ಡಿಬಿ ಕಮ್ಮಿ.

ಕೇಳಿದವರು:
ದೂರ ಅಲ್ಲಿ 1 ಕಿ.ಮೀ. ಅಂತಿತ್ತು! 13 ಮಾಡಿದ ತಕ್ಷಣ ಸರಿಯಾಯ್ತು. ಬೋಲ್ಟ್ ಬಿಗಿಯಾದ ಮೇಲೆ −66ರಲ್ಲಿ ನಿಂತಿದೆ, ಎರಡು ಚೈನ್‌ಗೂ 1 ಡಿಬಿ ವ್ಯತ್ಯಾಸ ಅಷ್ಟೆ. ಮಳೆ ಬಂದರೆ ಹೇಗೆ?

ಮೊದಲ ಉತ್ತರ ಕೊಟ್ಟವರು:
5.8ರಲ್ಲಿ ಮಳೆಯಿಂದ ಅಂಥ ತೊಂದರೆ ಇಲ್ಲ. ಅದು 24, 60 ಗಿಗಾಹರ್ಟ್ಸ್‌ನವರ ತಲೆನೋವು. ನಿಮಗೆ ತೊಂದರೆ ಕೊಡೋದು ಕನೆಕ್ಟರ್ ಒಳಗೆ ಇಳಿಯುವ ನೀರು. ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಎಳೆದು ಸುತ್ತಿ, ಕೇಬಲ್ ರೇಡಿಯೊಗೆ ಹೋಗುವ ಮೊದಲು ಕೆಳಕ್ಕೆ ಒಂದು ಬಾಗು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳಲಿ. ಇವತ್ತಿನ −66, ಎರಡೂ ಚೈನ್‌ಗಳ ಸಂಖ್ಯೆ, ಚಾನೆಲ್ ಇಷ್ಟನ್ನು ಬರೆದು ಪವರ್ ಅಡಾಪ್ಟರ್ ಪಕ್ಕ ಅಂಟಿಸಿಡಿ. ಮುಂದೆ ಲಿಂಕ್ ನಿಧಾನ ಆದಾಗ ಡಿಶ್ ತಿರುಗಿದೆಯೋ, ಗಲಾಟೆ ಹೆಚ್ಚಿದೆಯೋ ಅಂತ ಕೆಳಗೆ ಕೂತೇ ಹೇಳಬಹುದು.