ಗಣಿತದ ಫಂಕ್ಷನ್‌ಗಳಲ್ಲಿ ಆರ್ಗ್ಯುಮೆಂಟ್ ಐಚ್ಛಿಕವಾಗಿರಬೇಕೇ, ಕಡ್ಡಾಯವಾಗಿರಬೇಕೇ?

ಪ್ರಶ್ನೆ:
ವಿದ್ಯಾರ್ಥಿಗಳಿಗಾಗಿ ಪೈಥಾನ್‌ನಲ್ಲಿ ಸಣ್ಣದೊಂದು ಗಣಿತ ಲೈಬ್ರರಿ ಬರೆಯುತ್ತಿದ್ದೇನೆ. ಅವಕಲನದ (ಡಿಫರೆನ್ಸಿಯೇಷನ್) ಫಂಕ್ಷನ್‌ಗೆ ಯಾವ ಚರಾಕ್ಷರದ ಮೇಲೆ ಅವಕಲಿಸಬೇಕೆಂಬುದನ್ನು ಪ್ರತಿ ಸಲವೂ ಆರ್ಗ್ಯುಮೆಂಟ್ ಆಗಿ, ಅಂದರೆ ಫಂಕ್ಷನ್‌ಗೆ ಕೊಡುವ ಮೌಲ್ಯವಾಗಿ, ಹೇಳಲೇಬೇಕೇ, ಅಥವಾ ಹೇಳದಿದ್ದಾಗ ಅದು ತಾನೇ ಊಹಿಸಿಕೊಳ್ಳಬಹುದೇ?

ಉತ್ತರ 1:
ಪೈಥಾನ್‌ನ ಗಣಿತ ಲೈಬ್ರರಿಯಾದ ಸಿಂಪೈ ಹಿಡಿದಿರುವ ದಾರಿ ನನಗೆ ಒಪ್ಪಿಗೆಯಾಗಿದೆ. ಎಕ್ಸ್‌ನ ವರ್ಗವನ್ನಷ್ಟೇ ಕೊಟ್ಟರೆ ಅದು 2ಎಕ್ಸ್ ಎನ್ನುತ್ತದೆ. ಎಕ್ಸ್ ಮತ್ತು ವೈಗಳ ಗುಣಲಬ್ಧವನ್ನು ಕೊಟ್ಟರೆ ಊಹೆಗೆ ಕೈಹಾಕದೆ, ಚರಾಕ್ಷರವನ್ನು ತಿಳಿಸಬೇಕೆಂದು ದೋಷ ಸಂದೇಶ ನೀಡುತ್ತದೆ.

ಉತ್ತರ 2:
ಅವಕಲನದಲ್ಲಿ ತಪ್ಪು ಕಣ್ಣಿಗೆ ಬೀಳುತ್ತದೆ, ಆದರೆ ಮಾನಕ ವಿಚಲನೆಯಲ್ಲಿ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಬೀಳುವುದಿಲ್ಲ ಎಂಬುದೇ ನಿಜವಾದ ಆತಂಕ. 2, 4, 4, 4, 5, 5, 7, 9 ಎಂಬ ಅಂಕಿಗಳಿಗೆ ಪೈಥಾನ್‌ನ ನಂಪೈ ಲೈಬ್ರರಿ ಪೂರ್ವನಿಯೋಜಿತವಾಗಿ (ನಾವೇನೂ ಹೇಳದಿದ್ದಾಗ) ಸರಾಸರಿಯಿಂದಿರುವ ವ್ಯತ್ಯಾಸಗಳ ವರ್ಗಗಳ ಮೊತ್ತವನ್ನು 8ರಿಂದ ಭಾಗಿಸಿ, ವರ್ಗಮೂಲ ತೆಗೆದು 2 ಎಂದರೆ, ಪಾಂಡಾಸ್ ಲೈಬ್ರರಿ 7ರಿಂದ ಭಾಗಿಸಿ ಸುಮಾರು 2.14 ಎನ್ನುತ್ತದೆ. ಎರಡೂ ಗಣಿತದ ದೃಷ್ಟಿಯಿಂದ ಸರಿಯೇ. ಆದರೆ ಮೊದಲನೆಯದು ಇಡೀ ಸಮಷ್ಟಿಗೆ, ಎರಡನೆಯದು ಅದರಿಂದ ಆರಿಸಿದ ಮಾದರಿಗೆ ಸಲ್ಲುವಂಥದ್ದು. ಅರ್ಥವೇ ಬದಲಾಗುವಂಥ ಆಯ್ಕೆಯನ್ನು ದಯವಿಟ್ಟು ಕಡ್ಡಾಯ ಮಾಡಿ.

ಉತ್ತರ 3:
ನಿಖರತೆಯ ಮಿತಿ, ಪುನರಾವರ್ತನೆಗಳ ಗರಿಷ್ಠ ಸಂಖ್ಯೆ ಮುಂತಾದವು ಐಚ್ಛಿಕವಾಗಿದ್ದರೆ ತೊಂದರೆಯಿಲ್ಲ. ಸಂದೇಹವಿದ್ದಲ್ಲಿ ಕಡ್ಡಾಯದಿಂದಲೇ ಆರಂಭಿಸಿ, ಏಕೆಂದರೆ ಮುಂದೆ ಪೂರ್ವನಿಯೋಜಿತ ಮೌಲ್ಯ ಸೇರಿಸಿದರೆ ಹಳೆಯ ಕೋಡ್ ಕೆಡುವುದಿಲ್ಲ, ಇದ್ದುದನ್ನು ತೆಗೆದರೆ ಕೆಡುತ್ತದೆ.