ರೆಸಿನ್ ಯಾವುದು ಹಾಕಲಿ? ಫೈಬರ್ ಕೆಲಸದ ಪ್ರಶ್ನೋತ್ತರ

ಗುಂಪಿನವರಿಗೆಲ್ಲ ನಮಸ್ಕಾರ. ನಾನು ದಾವಣಗೆರೆಯವಳು. ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡು ಎಫ್‌ಆರ್‌ಪಿ, ಅಂದರೆ ನಾರಿಗೆ ರೆಸಿನ್ (ಆಮೇಲೆ ಗಟ್ಟಿಯಾಗುವ ಅಂಟು ದ್ರವ) ಕುಡಿಸಿ ಮಾಡುವ ಫೈಬರ್ ಕೆಲಸ. ಕೆಮಿಕಲ್ ಟ್ಯಾಂಕು, ಡಕ್ಟು, ಪೈಪು, ಇವೇ ನಮ್ಮ ಸರಕು. ಫೈಬರ್ ಕೆಲಸದ ಬಗ್ಗೆ ಏನಾದರೂ ಕೇಳಿ ಎಂದು ಅಡ್ಮಿನ್ ಹೇಳಿದ ಮೇಲೆ ಪ್ರಶ್ನೆಗಳು ಸುಮಾರು ಬಂದಿವೆ. ಮುಕ್ಕಾಲು ಪಾಲು ಒಂದೇ ಧಾಟಿ: ‘ಎಲ್ಲಕ್ಕಿಂತ ಗಟ್ಟಿ ರೆಸಿನ್ ಯಾವುದು?’ ಹಾಗೆ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ವಸ್ತು ಬಿಸಿಲಲ್ಲಿ ಇರುತ್ತದೋ ನೀರಲ್ಲೋ, ಎಷ್ಟು ಕಾಯುತ್ತದೆ, ಒಳಗೆ ಏನು ತುಂಬುತ್ತೀರಿ, ಇಷ್ಟು ಹೇಳಿ. ಆಗ ರೆಸಿನ್ ಹೇಳಬಹುದು.

ಪ್ರಶ್ನೆ (ದಾವಣಗೆರೆ, ಇಂಜಿನಿಯರಿಂಗ್ ಕೊನೆ ವರ್ಷ): ಮೇಡಂ, ನಮ್ಮ ಪ್ರಾಜೆಕ್ಟ್ ಅಡಿಕೆ ಸಿಪ್ಪೆ ನಾರಿನ ಕಾಂಪೋಸಿಟ್ (ನಾರು, ರೆಸಿನ್ ಕೂಡಿಸಿದ ವಸ್ತು). ಚನ್ನಗಿರಿ ಕಡೆಯಿಂದ ಸಿಪ್ಪೆ ತಂದು ನಾರು ಬಿಡಿಸಿಕೊಂಡಿದ್ದೇವೆ. ಮ್ಯಾಟ್ರಿಕ್ಸ್‌ಗೆ, ಅಂದ್ರೆ ನಾರನ್ನು ಹಿಡಿದಿಡೋ ರೆಸಿನ್‌ಗೆ, ಎಪಾಕ್ಸಿ ತಗೊಂಡಿದ್ದೇವೆ. ‘ಈ ಮ್ಯಾಟ್ರಿಕ್ಸ್ ಯಾಕೆ?’ ಅಂತ ಗೈಡ್ ಕೇಳಿದರೆ ಹೇಳೋಕೆ ಏನೂ ಇಲ್ಲ. ಶಕ್ತಿ ಎಲ್ಲಾ ನಾರಿಂದಲೇ ಬರುವುದಲ್ವಾ? ಮ್ಯಾಟ್ರಿಕ್ಸ್ ಸುಮ್ನೆ ಅಂಟು ತಾನೆ?

ಉತ್ತರ: ಅರ್ಧ ಸರಿ. ಮೊದಲು ಗಾಜಿನ ನಾರಿನ ಲೆಕ್ಕ ನೋಡೋಣ, ಅದು ಸುಲಭ. ಇ-ಗ್ಲಾಸ್ ಎಂಬ ಮಾಮೂಲಿ ಗಾಜಿನ ನಾರಿನ ಯಂಗ್ಸ್ ಮಾಡ್ಯುಲಸ್ (ಎಳೆದರೆ ಎಷ್ಟು ಬಿಗಿ ಎಂಬ ಅಳತೆ) ಸುಮಾರು 72 ಗಿಗಾಪ್ಯಾಸ್ಕಲ್. ಗಟ್ಟಿಯಾದ ಎಪಾಕ್ಸಿಯದು ಸುಮಾರು 3. ಎರಡೂ ಅರ್ಧರ್ಧ ಇರುವ ಪಟ್ಟಿಯನ್ನು ನಾರಿನ ಉದ್ದಕ್ಕೇ ಎಳೆದರೆ ಭಾರದ ನೂರರಲ್ಲಿ 96 ಪಾಲು ನಾರು ಹೊರುತ್ತದೆ, 4 ಪಾಲು ರೆಸಿನ್. ಇಲ್ಲಿಯವರೆಗೆ ನೀವು ಹೇಳಿದ್ದೇ ನಿಜ.

ಈಗ ಅದೇ ಪಟ್ಟಿಯನ್ನು ಅಡ್ಡಕ್ಕೆ ಎಳೆಯಿರಿ. ನಾರಿನ ನಡುವೆ ಇರುವುದು ರೆಸಿನ್ ಮಾತ್ರ. ಅದು ಬಿಟ್ಟರೆ ಪಟ್ಟಿ ಸೀಳುತ್ತದೆ. ಉದ್ದಕ್ಕೆ ಒತ್ತಿದರೂ ಅಷ್ಟೇ. ಒಂಟಿ ನಾರು ಒತ್ತಿದ ಕೂಡಲೇ ಬಾಗಿಬಿಡುತ್ತದೆ. ಅದನ್ನು ಸುತ್ತಲೂ ಹಿಡಿದು ನೆಟ್ಟಗೆ ನಿಲ್ಲಿಸುವುದು ಮ್ಯಾಟ್ರಿಕ್ಸ್. ಪದರ ಪದರ ಬಿಡದಂತೆ ಕಾಯುವುದೂ ಅದೇ. ನೀರು, ಕೆಮಿಕಲ್, ಗೀರು ಇವೆಲ್ಲ ಮೊದಲು ತಾಗುವುದೂ ಅದಕ್ಕೇ.

ನಿಮ್ಮ ಕೇಸಲ್ಲಿ ಇನ್ನೊಂದಿದೆ. ಅಡಿಕೆ ಸಿಪ್ಪೆಯ ನಾರು ಗಿಡ್ಡ. ಗಿಡ್ಡ ನಾರಿನ ತುದಿಯನ್ನು ಯಾರೂ ಹಿಡಿದು ಎಳೆಯುವುದಿಲ್ಲ. ರೆಸಿನ್ ಅದರ ಮೈಯನ್ನು ಕಚ್ಚಿಕೊಂಡು, ಷಿಯರ್ (ಮೈಯುದ್ದಕ್ಕೂ ಜಾರಿಸುವ ಬಲ) ಮೂಲಕ ಭಾರವನ್ನು ಒಳಗೆ ಸಾಗಿಸಬೇಕು. ಕಚ್ಚಿಕೊಳ್ಳದಿದ್ದರೆ ನಾರು ಹರಿಯುವುದೇ ಇಲ್ಲ, ಸುಮ್ನೆ ಜಾರಿ ಹೊರಗೆ ಬರುತ್ತದೆ. ಟೆನ್ಸೈಲ್ ಟೆಸ್ಟ್ ಆದ ಮೇಲೆ ಮುರಿದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಒಂದು ಕಡೆ ನಾರು ಮೀಸೆಯ ಹಾಗೆ ಹೊರಗೆ ಚಾಚಿದ್ದು, ಎದುರು ಕಡೆ ನುಣ್ಣನೆಯ ತೂತು ಇದ್ದರೆ ಅಂಟು ಸಾಲಲಿಲ್ಲ ಎಂದರ್ಥ. ನಾರಿನ ಮೇಲಿನ ಮೇಣ, ಪೆಕ್ಟಿನ್ ತೆಗೆಯಲು ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸುವುದು ಇದಕ್ಕೇ. ಕಾಲೇಜುಗಳಲ್ಲಿ ಹೆಚ್ಚಾಗಿ 5 ಪರ್ಸೆಂಟ್ ದ್ರಾವಣ ಬಳಸುತ್ತಾರೆ. ಕೈಗವಸು ಹಾಕಿ. ಆಮೇಲೆ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ. ಸಸ್ಯದ ನಾರಿಗೆ ನೀರು ಕುಡಿಯುವ ಚಟ ಜಾಸ್ತಿ, ಹಸಿ ಉಳಿದರೆ ಒಳಗೆ ಗುಳ್ಳೆ ಗ್ಯಾರಂಟಿ.

ಗೈಡ್ ಕೇಳಿದರೆ ಹೀಗೆ ಹೇಳಿ: ಎಪಾಕ್ಸಿ ಚೆನ್ನಾಗಿ ಅಂಟುತ್ತದೆ, ಕುಗ್ಗುವುದು ಕಡಿಮೆ, ರೂಮಿನ ಶಾಖದಲ್ಲೇ ಗಟ್ಟಿಯಾಗುತ್ತದೆ. ಕೊನೆಯದು ನಿಮಗೆ ಮುಖ್ಯ. ಸಸ್ಯದ ನಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ಕೆಡಲು ಶುರು. ಕರಗಿಸಿ ಹಾಕುವ ಪ್ಲಾಸ್ಟಿಕ್ಕೇ ಬೇಕು ಎಂದರೂ ಪಾಲಿಪ್ರೊಪಿಲೀನ್ ಆದೀತು, ಅದು 165ರ ಹತ್ತಿರ ಕರಗುತ್ತದೆ. ನೈಲಾನ್ 66ಕ್ಕೆ 260 ಬೇಕು. ಅಷ್ಟರಲ್ಲಿ ನಿಮ್ಮ ನಾರು ಸುಟ್ಟು ಕರಕಲು.

ಅದೇ ವಿದ್ಯಾರ್ಥಿ: ಥ್ಯಾಂಕ್ಸ್ ಮೇಡಂ. ಇನ್ನೊಂದು ತೊಂದರೆ. ಮೊದಲನೇ ಪ್ಲೇಟ್ ಎರಡು ದಿನ ಆದರೂ ಜಿಗುಟು ಬಿಟ್ಟಿಲ್ಲ. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್ನರ್ ಸ್ವಲ್ಪ ಜಾಸ್ತಿನೇ ಹಾಕಿದ್ವಿ.

ಉತ್ತರ: ಅದೇ ಕಾರಣ. ಪಾಲಿಯೆಸ್ಟರ್ ರೆಸಿನ್ ಕೆಲಸ ನೋಡಿದವರೆಲ್ಲ ಎಪಾಕ್ಸಿಗೂ ಹೀಗೇ ಮಾಡುತ್ತಾರೆ. ಪಾಲಿಯೆಸ್ಟರ್‌ಗೆ ಹಾಕುವುದು ಕ್ಯಾಟಲಿಸ್ಟ್, ಅಂದರೆ ಗಟ್ಟಿಯಾಗುವುದನ್ನು ಶುರು ಮಾಡಿಸುವ ಕೆಮಿಕಲ್. ಒಂದೆರಡು ಪರ್ಸೆಂಟ್ ಸಾಕು, ಹೆಚ್ಚು ಕಡಿಮೆ ಆದರೆ ವೇಗ ಬದಲಾಗುತ್ತದೆ. ಎಪಾಕ್ಸಿಯಲ್ಲಿ ಹಾಗಲ್ಲ. ಹಾರ್ಡ್ನರ್ ಕೂಡ ರೆಸಿನ್ ಜೊತೆ ಕೂಡಿ ಕೊಂಡಿಯಾಗುತ್ತದೆ. ಜಾಸ್ತಿ ಹಾಕಿದ್ದಕ್ಕೆ ಜೊತೆ ಸಿಗುವುದಿಲ್ಲ, ಅದು ಹಾಗೇ ಮೆತ್ತಗೆ ಉಳಿಯುತ್ತದೆ. ಕಾಲೇಜು ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಇರುವುದು ಎಲ್‌ವೈ 556 ರೆಸಿನ್ ಮತ್ತು ಎಚ್‌ವೈ 951 ಹಾರ್ಡ್ನರ್. ನಿಮ್ಮದೂ ಅದೇ ಆದರೆ ತೂಕದಲ್ಲಿ 100ಕ್ಕೆ 10. ಬೇರೆ ಇದ್ದರೆ ಡಬ್ಬಿ ಮೇಲಿನ ಅಳತೆ ನೋಡಿ. ಕಣ್ಣಳತೆ, ಮುಚ್ಚಳದ ಅಳತೆ ಬೇಡ. ಗ್ರಾಂ ತಕ್ಕಡಿಯಲ್ಲಿ ತೂಗಿ, ತಳ, ಅಂಚು ಎಲ್ಲಾ ಕೆರೆದು ಕೆಲವು ನಿಮಿಷ ಕಲಸಿ.

ಇನ್ನೊಂದು, ಏಪ್ರಿಲ್ ಬಿಸಿಲಲ್ಲಿ ಅರ್ಧ ಕೆಜಿ ಒಟ್ಟಿಗೇ ಕಲಸಿ ಪ್ಲಾಸ್ಟಿಕ್ ಲೋಟದಲ್ಲಿ ಬಿಡಬೇಡಿ. ಅದು ತನ್ನ ಶಾಖಕ್ಕೆ ತಾನೇ ಕಾದು, ಲೋಟ ಕರಗಿ, ಹೊಗೆ ಬರುತ್ತದೆ. ಅಗಲ ತಟ್ಟೆಗೆ ತೆಳ್ಳಗೆ ಸುರಿದುಕೊಂಡರೆ ಸಮಯ ಸಿಗುತ್ತದೆ.

ಪ್ರಶ್ನೆ (ದಾವಣಗೆರೆ, ಹೊಸದಾಗಿ ವರ್ಕ್‌ಶಾಪ್ ಇಟ್ಟವರು): ಮೇಡಂ, ಎಪಾಕ್ಸಿ ಅಷ್ಟು ಒಳ್ಳೇದು ಅಂದ್ರೆ ನಾವೂ ಗಾಜಿನ ನಾರಿನ ಮ್ಯಾಟ್ ಮೇಲೆ ಪಾಲಿಯೆಸ್ಟರ್ ಬಿಟ್ಟು ಅದನ್ನೇ ಹಾಕಬಹುದಾ?

ಉತ್ತರ: ಚಾಪ್ಡ್ ಸ್ಟ್ರಾಂಡ್ ಮ್ಯಾಟ್‌ಗಾ? ಬೇಡ. ಆ ಮ್ಯಾಟಿನ ತುಂಡು ನಾರುಗಳನ್ನು ಹಿಡಿದಿಟ್ಟಿರುವುದು ಒಂದು ಬೈಂಡರ್. ಪಾಲಿಯೆಸ್ಟರ್ ರೆಸಿನ್ ಒಳಗಿನ ಸ್ಟೈರೀನ್ ಆ ಬೈಂಡರನ್ನು ಕರಗಿಸುತ್ತದೆ. ಆಗ ಮ್ಯಾಟ್ ಮೆತ್ತಗಾಗಿ ಮೋಲ್ಡಿನ ಮೂಲೆಗೆಲ್ಲ ಕೂರುತ್ತದೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಮ್ಯಾಟ್ ಬಿರುಸಾಗೇ ಉಳಿದು, ರೋಲರ್ ಹೊಡೆದಷ್ಟೂ ಮೇಲೆ ಏಳುತ್ತದೆ, ಬಿಳಿ ಮಚ್ಚೆ ಬಿಡುತ್ತದೆ. ಎಪಾಕ್ಸಿಗೆ ನೇಯ್ದ ಬಟ್ಟೆ ತಗೊಳ್ಳಿ. ತಗೊಳ್ಳುವಾಗ ಗಾಜಿನ ನಾರಿನ ಮೇಲಿನ ಸೈಜಿಂಗ್ (ತೆಳು ಲೇಪ) ಎಪಾಕ್ಸಿಗೆ ಹೊಂದುತ್ತದಾ ಎಂದು ಕೇಳಿ. ಆದರೆ ನಿಮ್ಮ ಬಾತ್‌ರೂಮ್ ಬಾಗಿಲು, ಬೋರ್ಡ್ ಕೆಲಸಕ್ಕೆ ಅಷ್ಟು ದುಡ್ಡು ಸುರಿಯುವ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ (ಹರಿಹರ): ಅಕ್ಕಾ, ನಮ್ದು ಹೊಳೆ ಮೀನಿನ ಕೆಲಸ. ಹಳೇ ಹರಿಗೋಲು ಬಿಟ್ಟು ಫೈಬರ್ ಹರಿಗೋಲು ಮಾಡಿಸಬೇಕು. ಒಬ್ಬರು ಮಾಮೂಲಿ ರೆಸಿನ್ ಸಾಕು ಅಂತಾರೆ. ಇನ್ನೊಬ್ಬರು ಐಸೋ ಹಾಕಿಸಿ, ರೇಟ್ ಜಾಸ್ತಿ ಅಂತಾರೆ. ನಿಜಾನಾ, ದುಡ್ಡು ಕೀಳೋಕಾ?

ಉತ್ತರ: ಅಣ್ಣಾ, ಇಲ್ಲಿ ಎರಡನೆಯವರ ಮಾತು ಕೇಳಿ. ಮಾಮೂಲಿ ಎನ್ನುವುದು ಆರ್ಥೋ ಪಾಲಿಯೆಸ್ಟರ್, ಐಸೋ ಪಾಲಿಯೆಸ್ಟರ್‌ನದೇ ಇನ್ನೊಂದು ಜಾತಿ. ಪಾಲಿಯೆಸ್ಟರ್ ಸರಪಳಿಯಲ್ಲಿ ಎಸ್ಟರ್ ಕೊಂಡಿಗಳು ಇರುತ್ತವೆ. ವರ್ಷಗಟ್ಟಲೆ ನೀರಲ್ಲಿದ್ದರೆ ನೀರು ಆ ಕೊಂಡಿಗಳನ್ನು ಬಿಚ್ಚುತ್ತಾ ಹೋಗುತ್ತದೆ. ಐಸೋ ಇದನ್ನು ಹೆಚ್ಚು ತಡೆಯುತ್ತದೆ. ವಿನೈಲ್ ಎಸ್ಟರ್ ಎಂಬ ಬೇರೆ ರೆಸಿನ್‌ನಲ್ಲಿ ಎಸ್ಟರ್ ಕೊಂಡಿ ಸರಪಳಿಯ ತುದಿಗಳಲ್ಲಿ ಮಾತ್ರ ಇರುವುದರಿಂದ ಇನ್ನೂ ಗಟ್ಟಿ, ಆದರೆ ಬೆಲೆಯೂ ಹಾಗೇ. ದಿನಾ ಸಂಜೆ ದಡಕ್ಕೆ ಎಳೆದು ಕವುಚಿ ಹಾಕುವ ಹರಿಗೋಲಿಗೆ ಐಸೋ ಸಾಕು.

ನೀರಿನ ರೋಗ ಹೇಗೆ ಕಾಣುತ್ತದೆ ಗೊತ್ತಾ? ತಳದಲ್ಲಿ ಜೆಲ್ ಕೋಟ್ (ಹೊರಮೈಯ ರೆಸಿನ್ ಪದರ) ಕೆಳಗೆ ಸಣ್ಣ ಸಣ್ಣ ಬೊಬ್ಬೆ. ಮೊಳೆಯಿಂದ ಚುಚ್ಚಿದರೆ ಅಂಟಂಟು ನೀರು ಬರುತ್ತದೆ, ವಿನೆಗರ್ ತರಹ ಹುಳಿ ವಾಸನೆ. ನೀರು ಒಳಗೆ ಇಳಿದು, ರೆಸಿನ್‌ನಲ್ಲಿ ಕರಗುವ ಅಂಶ ಕರಗಿಸಿಕೊಂಡು, ಮತ್ತಷ್ಟು ನೀರು ಎಳೆದು ಉಬ್ಬುವುದು ಅದು. ಚುಚ್ಚುವಾಗ ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ.

ಮಾಡಿಸುವಾಗ ಪೌಡರ್ ಬೈಂಡರ್ ಮ್ಯಾಟ್ ಕೇಳಿ. ಎಮಲ್ಷನ್ ಬೈಂಡರ್ ಮ್ಯಾಟ್‌ಗೆ ಬೊಬ್ಬೆ ಬೇಗ ಬರುತ್ತದೆ. ಎದುರಿಗೇ ನಿಂತು, ಕಬ್ಬಿಣದ ರೋಲರ್ ಹಾಕಿ ಗಾಳಿ ತೆಗೆಯುತ್ತಾರಾ ನೋಡಿ. ಗಾಳಿ ಉಳಿದಿದ್ದರೆ ಯಾವ ರೆಸಿನ್ನೂ ಕಾಪಾಡುವುದಿಲ್ಲ.

ಪ್ರಶ್ನೆ (ಚನ್ನಗಿರಿ): ಮೇಡಂ, ಅಡಿಕೆ ಬೇಯಿಸೋಕೆ ಫೈಬರ್ ಹಂಡೆ ಮಾಡಿಸಬಹುದಾ? ಚೊಗರು (ಅಡಿಕೆ ಬೇಯಿಸಿದ ರಸ) ಶೇಖರಿಸೋ ಟ್ಯಾಂಕ್?

ಉತ್ತರ: ಹಂಡೆ ಬೇಡವೇ ಬೇಡ. ಗಾಜಿನ ನಾರು ನೂರಾರು ಡಿಗ್ರಿ ತಡೆಯುತ್ತದೆ ನಿಜ. ಆದರೆ ಶಾಖದ ಮಿತಿ ಗೊತ್ತು ಮಾಡುವುದು ರೆಸಿನ್. ಆರ್ಥೋ ಪಾಲಿಯೆಸ್ಟರ್ 60–70 ಡಿಗ್ರಿಗೇ ಮೆತ್ತಗಾಗಲು ಶುರು ಮಾಡುತ್ತದೆ. ಐಸೋ, ವಿನೈಲ್ ಎಸ್ಟರ್ ಅದಕ್ಕಿಂತ ಮೇಲೆ ಹೋಗುತ್ತವೆ. ಆದರೂ ಒಲೆಯ ಉರಿ ನೇರ ತಾಗಿದರೆ ಹೊತ್ತಿಕೊಳ್ಳುತ್ತವೆ. ಹಂಡೆ ತಾಮ್ರದ್ದೇ ಇರಲಿ.

ಆರಿದ ಚೊಗರಿಗೆ ಟ್ಯಾಂಕ್ ಆಗಬಹುದು. ಅದು ಬಾಯಿಗೆ ಹೋಗುವ ಅಡಿಕೆಗೆ ಹಾಕುವುದು, ಆದ್ದರಿಂದ ಎರಡು ಷರತ್ತು. ಆಹಾರಕ್ಕೆ ಒಪ್ಪಿಗೆ ಇರುವ ರೆಸಿನ್ ಎಂದು ಕಂಪನಿಯ ಕಾಗದ ತೋರಿಸಬೇಕು. ಗಟ್ಟಿಯಾದ ಮೇಲೆ ಟ್ಯಾಂಕನ್ನು 80 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಕಾಯಿಸಿ, ಬಿಸಿನೀರಲ್ಲಿ ತೊಳೆದು ಕೊಡಬೇಕು. ಇಲ್ಲದಿದ್ದರೆ ಉಳಿದ ಸ್ಟೈರೀನ್ ಚೊಗರಿಗೆ ಇಳಿಯುತ್ತದೆ. ಮುಚ್ಚಳ ತೆಗೆದಾಗ ಘಾಟು ಹೊಡೆದರೆ ಟ್ಯಾಂಕ್ ವಾಪಸ್ ಕಳಿಸಿ. ಎರಡಕ್ಕೂ ಒಪ್ಪುವವರು ಸಿಗದಿದ್ದರೆ ಸ್ಟೀಲ್ ತಗೊಳ್ಳಿ.

ಪ್ರಶ್ನೆ (ಚಿತ್ರದುರ್ಗ): ಜೋಗಿಮಟ್ಟಿ ಕಡೆ ಗುಡ್ಡದ ಮೇಲಿರೋ ಗಾಳಿಯಂತ್ರದ ರೆಕ್ಕೆಗಳೂ ಇದೇ ಫೈಬರ್ರಾ? ಹಳೇ ರೆಕ್ಕೆ ಕರಗಿಸಿ ಮತ್ತೆ ಮಾಡೋಕೆ ಬರಲ್ವಾ?

ಉತ್ತರ: ಗಾಳಿಯಂತ್ರದ ರೆಕ್ಕೆ ಹೆಚ್ಚಿನಂಶ ಗಾಜಿನ ನಾರು, ಜೊತೆಗೆ ಎಪಾಕ್ಸಿ. ಪಾಲಿಯೆಸ್ಟರ್‌ನಲ್ಲಿ ಮಾಡಿದ ರೆಕ್ಕೆಗಳೂ ಇವೆ. ಇಲ್ಲಿ ಎಪಾಕ್ಸಿಗೆ ದುಡ್ಡು ಹಾಕುವುದಕ್ಕೆ ಅರ್ಥ ಇದೆ. ಒಂದೊಂದು ಸುತ್ತಿಗೂ ರೆಕ್ಕೆಯ ತೂಕ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಎಳೆಯುತ್ತದೆ. ಇಪ್ಪತ್ತು ವರ್ಷಕ್ಕೆ ಕೋಟಿಗಟ್ಟಲೆ ಸಲ. ಅಷ್ಟು ಆಯಾಸಕ್ಕೆ ರೆಸಿನ್‌ನಲ್ಲಿ ಕೂದಲೆಳೆ ಬಿರುಕು ಬರಬಾರದು. ಪಾಲಿಯೆಸ್ಟರ್ ಗಟ್ಟಿಯಾಗುವಾಗ ಜಾಸ್ತಿ ಕುಗ್ಗುತ್ತದೆ, 5ರಿಂದ 8 ಪರ್ಸೆಂಟ್ ತನಕ. ಎಪಾಕ್ಸಿ ಕುಗ್ಗುವುದು ಅದಕ್ಕಿಂತ ಬಹಳ ಕಡಿಮೆ. ಹೀಗಾಗಿ ಒಳಗೆ ಉಳಿಯುವ ಎಳೆತವೂ ಕಡಿಮೆ.

ಕರಗಿಸಲು ಬರುವುದಿಲ್ಲ. ಇವು ಥರ್ಮೋಸೆಟ್. ಒಮ್ಮೆ ಗಟ್ಟಿಯಾದರೆ ಕಾಯಿಸಿದರೆ ಸುಡುತ್ತವೆಯೇ ಹೊರತು ನೀರಾಗುವುದಿಲ್ಲ. ಹಳೆಯ ರೆಕ್ಕೆಯನ್ನು ಪುಡಿ ಮಾಡಿ ಸಿಮೆಂಟ್ ಗೂಡಿಗೆ ಹಾಕುವುದು ಒಂದು ದಾರಿ. ಮ್ಯಾಟ್ರಿಕ್ಸನ್ನೇ ಬದಲಾಯಿಸುವುದು ಇನ್ನೊಂದು. 2022ರಲ್ಲಿ ಎಲ್ಎಂ ವಿಂಡ್ ಪವರ್ ಕಂಪನಿ ಫ್ರಾನ್ಸ್‌ನ ಆರ್ಕೆಮಾದ ಎಲಿಯಮ್ ರೆಸಿನ್ ಬಳಸಿ 62 ಮೀಟರ್ ಉದ್ದದ ರೆಕ್ಕೆ ಮಾಡಿತು. ಎಲಿಯಮ್ ಥರ್ಮೋಪ್ಲಾಸ್ಟಿಕ್ (ಕಾಯಿಸಿದರೆ ಮೆತ್ತಗಾಗುವ ಜಾತಿ), ಅದನ್ನು ಬಿಡಿಸಿ ಮತ್ತೆ ಬಳಸಬಹುದು. ನಮ್ಮ ಗುಡ್ಡದ ಮೇಲಿರುವ ಹಳೆಯ ರೆಕ್ಕೆಗಳಿಗೆ ಅದರಿಂದ ಉಪಯೋಗ ಇಲ್ಲ ಬಿಡಿ.

ಪ್ರಶ್ನೆ (ಚಳ್ಳಕೆರೆ): ವಿಮಾನ, ರಾಕೆಟ್‌ಗೂ ಇದೇ ಎಪಾಕ್ಸಿನಾ? ನಮ್ಮೂರ ಹತ್ರ ಡಿಆರ್‌ಡಿಒ ರೇಂಜ್ ಇದೆ, ಅದಕ್ಕೇ ಕೇಳಿದ್ದು.

ಉತ್ತರ: ವಿಮಾನಕ್ಕೆ ಬಹುತೇಕ ಎಪಾಕ್ಸಿನೇ, ಆದರೆ ಅಂಗಡಿಯದ್ದಲ್ಲ. 180 ಡಿಗ್ರಿ ಹತ್ತಿರ, ಆಟೋಕ್ಲೇವ್ ಎಂಬ ಮುಚ್ಚಿದ ಒಲೆಯಲ್ಲಿ ಒತ್ತಡ ಕೊಟ್ಟು ಬೇಯಿಸುವಂಥದ್ದು. ತೇಜಸ್ ವಿಮಾನದ ಏರ್‌ಫ್ರೇಮ್ ತೂಕದಲ್ಲಿ 45 ಪರ್ಸೆಂಟ್ ಕಾಂಪೋಸಿಟ್. ರಾಕೆಟ್ ನಾಜಲ್ (ಬಿಸಿ ಅನಿಲ ಹೊರಬರುವ ಬಾಯಿ) ಒಳಗೆ ಫಿನಾಲಿಕ್ ರೆಸಿನ್ ಹಾಕುತ್ತಾರೆ. ಅದು ಸುಟ್ಟು ಇದ್ದಿಲಿನ ಪದರವಾಗಿ, ಆ ಪದರವೇ ಒಳಗಿನದನ್ನು ಕಾಯುತ್ತದೆ. ವಿಮಾನದ ಕಾರ್ಬನ್ ಬ್ರೇಕ್‌ಗೆ ರೆಸಿನ್ನೇ ಇಲ್ಲ, ನಾರೂ ಇಂಗಾಲ, ಮ್ಯಾಟ್ರಿಕ್ಸೂ ಇಂಗಾಲ.

ಪ್ರಶ್ನೆ (ಹಿರಿಯೂರು): ಕೋಳಿ ಶೆಡ್ಡಿನ ಫೈಬರ್ ಶೀಟ್ ಮುಟ್ಟಿದರೆ ಕೈಯೆಲ್ಲಾ ತುರಿಕೆ. ನಾರು ಎದ್ದು ಕಾಣ್ತಿದೆ. ಮ್ಯಾಟ್ ಕೆಟ್ಟದ್ದಾ?

ಉತ್ತರ: ಮ್ಯಾಟ್ ಅಲ್ಲ, ಮೇಲಿನ ರೆಸಿನ್ ಬಿಸಿಲಿಗೆ ಸವೆದು ಹೋಗಿದೆ. ಯುವಿ ತಡೆಯುವ ಜೆಲ್ ಕೋಟ್ ಹಾಕದ ಅಗ್ಗದ ಶೀಟ್ ಇರಬೇಕು. ಮಾಸ್ಕ್, ಕೈಗವಸು ಹಾಕಿ, ನೀರು ಹಾಕಿಕೊಂಡು ಎಮರಿ ಉಜ್ಜಿ. ಒಣಗಿದ ಮೇಲೆ ಹೊರಾಂಗಣದ ಪಿಯು (ಪಾಲಿಯುರೆಥೇನ್) ಕ್ಲಿಯರ್ ಕೋಟ್ ಹೊಡೆಯಿರಿ. ಶೀಟ್ ಬಿರುಕು ಬಿಟ್ಟಿದ್ದರೆ ಅದಕ್ಕೂ ದುಡ್ಡು ಹಾಕಬೇಡಿ, ಬದಲಾಯಿಸಿ.

ಪ್ರಶ್ನೆ (ದಾವಣಗೆರೆ): ಕಾರಿನ ಬಂಪರ್ ಸೀಳಿದೆ. ಮನೇಲೇ ಫೈಬರ್ ಹಾಕೋಣ ಅಂತ. ರೆಸಿನ್ ಜೊತೆ ಎರಡು ಸಣ್ಣ ಬಾಟಲ್ ಕೊಟ್ಟಿದ್ದಾರೆ. ಎರಡನ್ನೂ ಮೊದಲೇ ಒಂದಕ್ಕೊಂದು ಸೇರಿಸಿ ಇಟ್ಕೊಳ್ಳಬಹುದಾ?

ಉತ್ತರ: ಬೇಡ! ನೇರಳೆ ಬಣ್ಣದ್ದು ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕು ಮಾಡುವುದು), ಇನ್ನೊಂದು ಪೆರಾಕ್ಸೈಡ್ ಕ್ಯಾಟಲಿಸ್ಟ್. ಎರಡೂ ನೇರ ಸೇರಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಬೇಕು. ಆಮೇಲೆ, ಕೆಲಸ ಶುರು ಮಾಡುವಾಗ ಮಾತ್ರ ಕ್ಯಾಟಲಿಸ್ಟ್. ಕನ್ನಡಕ ಹಾಕದೆ ಕ್ಯಾಟಲಿಸ್ಟ್ ಬಾಟಲ್ ತೆಗೆಯಬೇಡಿ, ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಅದಕ್ಕೂ ಮೊದಲು ಬಂಪರ್ ಒಳಮೈ ನೋಡಿ. ಯಾವ ಪ್ಲಾಸ್ಟಿಕ್ ಎಂದು ಅಚ್ಚು ಒತ್ತಿರುತ್ತಾರೆ.

ಅವರೇ: ಪಿಪಿ ಅಂತ ಇದೆ ಮೇಡಂ.

ಉತ್ತರ: ಹಾಗಾದರೆ ಪಾಲಿಪ್ರೊಪಿಲೀನ್. ಅದಕ್ಕೆ ಪಾಲಿಯೆಸ್ಟರ್ ಅಂಟುವುದಿಲ್ಲ. ಒಣಗಿದ ಮೇಲೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಬಾಟಲಿನ ಸೀಲ್ ಒಡೆದಿಲ್ಲ ಎಂದರೆ ಅಂಗಡಿಗೆ ವಾಪಸ್ ಕೊಡಿ. ಪ್ಲಾಸ್ಟಿಕ್ ವೆಲ್ಡಿಂಗ್ ಮಾಡುವವರ ಹತ್ತಿರ ಹೋಗಿ, ಪಿಪಿ ಕಡ್ಡಿಯಲ್ಲೇ ಬೆಸೆಯಲು ಹೇಳಿ.